ಸ್ನೋ ಬಿದ್ದ ದಿನ ಹೊರಡಬೇಕಾ, ಉಳಿಯಬೇಕಾ? ಟೊರೊಂಟೊ ಕಡೆ ಬರುವ ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ

ಜನವರಿ ಅಡ್ಮಿಶನ್ ಸಿಕ್ಕ ನಮ್ಮ ಕಡೆಯ ಹುಡುಗ ಹುಡುಗಿಯರು ಡಿಸೆಂಬರ್ ಕೊನೆಯಲ್ಲಿ ಊರು ಬಿಡುತ್ತಾರೆ. ಬಂದು ಇಳಿಯೋದು ಟೊರೊಂಟೊದ ಚಳಿಗಾಲದ ನಟ್ಟನಡುವೆ. ಮನೆಯವರು ಚಳಿಯ ಬಗ್ಗೆ ಬೇಕಾದಷ್ಟು ಹೇಳಿ ಕಳಿಸಿರುತ್ತಾರೆ. ಸ್ವೆಟರ್, ಮಂಕಿ ಕ್ಯಾಪ್, ಥರ್ಮಲ್ ಎಲ್ಲ ಬ್ಯಾಗ್‌ನಲ್ಲಿರುತ್ತದೆ. ಸ್ನೋ ಬಗ್ಗೆ ಮಾತ್ರ ಯಾರೂ ಹೇಳಿರೋದಿಲ್ಲ. ಚಳಿಗೆ ಬಟ್ಟೆ ಹಾಕಿಕೊಂಡರೆ ಆಯಿತು. ದೊಡ್ಡ ಸ್ನೋ ಬಿದ್ದ ದಿನ ಬಸ್ ನಿಲ್ಲುತ್ತದೆ, ವಿಮಾನ ನಿಲ್ಲುತ್ತದೆ, ಮನೆಯ ಬಾಗಿಲು ತೆಗೆಯೋದೇ ಕಷ್ಟವಾಗುತ್ತದೆ. ಅವತ್ತು ಏನು ಮಾಡಬೇಕು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಕೆಲಸ ತಪ್ಪಿಸಬಾರದು ಅನ್ನೋ ಹಟ ನಮ್ಮ ಜನರಲ್ಲಿ ಜಾಸ್ತಿ. ಅದು ಒಳ್ಳೆಯ ಗುಣವೇ. ಆದರೆ ಕೃಷ್ಣೆ ತುಂಬಿ ಕಲ್ಲೋಳ-ಯಡೂರು ಸೇತುವೆ ಮುಳುಗಿದಾಗ ಚಿಕ್ಕೋಡಿ ಕಡೆಯವರು ಏನು ಮಾಡುತ್ತಾರೆ? ಸುತ್ತು ಹಾಕಿ ಹೋಗುತ್ತಾರೆ, ಇಲ್ಲ ಮನೆಯಲ್ಲಿರುತ್ತಾರೆ. ಅದಕ್ಕೆ ಅವರನ್ನ ಯಾರೂ ಸೋಮಾರಿ ಅನ್ನೋದಿಲ್ಲ. ದೊಡ್ಡ ಸ್ನೋ ಬಿದ್ದ ರಸ್ತೆಯನ್ನೂ ಹಾಗೇ ನೋಡಿ. ಮನೆಯಲ್ಲಿ ಉಳಿಯೋದೂ ಒಂದು ತೀರ್ಮಾನವೇ. ಆ ತೀರ್ಮಾನವನ್ನ ಹಿಂದಿನ ರಾತ್ರಿಯೇ ಮಾಡಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಕಿಟಕಿಯಿಂದ ಹೊರಗೆ ನೋಡಿ ಮಾಡುವ ತೀರ್ಮಾನ ಸಾಮಾನ್ಯವಾಗಿ ತಪ್ಪುತ್ತದೆ, ಯಾಕೆಂದರೆ ಆಗ ಗಾಬರಿ, ಅವಸರ ಎರಡೂ ಇರುತ್ತವೆ.

ಹಿಂದಿನ ರಾತ್ರಿ ತೀರ್ಮಾನ ಮಾಡೋಕೆ ಆಗುತ್ತದೆ, ಯಾಕೆಂದರೆ ಸ್ನೋ ಹೇಳಿಯೇ ಬರುತ್ತದೆ. ಕೆನಡಾ ಸರ್ಕಾರದ ಹವಾಮಾನ ಇಲಾಖೆಯ ವೆದರ್‌ಕ್ಯಾನ್ ಆಪ್ ಹಾಕಿಕೊಳ್ಳಿ. 2025ರ ನವೆಂಬರ್‌ನಿಂದ ಅವರ ಎಚ್ಚರಿಕೆಗಳು ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಬರುತ್ತಿವೆ. ಹಳದಿ ಬಂದರೆ ಹುಷಾರಾಗಿರಿ. ಕಿತ್ತಳೆ ಬಂದರೆ ತೀರಾ ಅಗತ್ಯವಿಲ್ಲದ ಓಡಾಟ ಬಿಡಿ. ಕೆಂಪು ಬಂದರೆ ಹೊರಡುವ ಮಾತೇ ಬೇಡ. ಎಷ್ಟು ಸೆಂಟಿಮೀಟರ್ ಬೀಳುತ್ತದೆ ಅನ್ನೋದರ ಜೊತೆಗೆ ಯಾವ ಹೊತ್ತಿಗೆ ಬೀಳುತ್ತದೆ, ಗಾಳಿ ಎಷ್ಟಿದೆ ಅನ್ನೋದನ್ನೂ ನೋಡಿ. ರಾತ್ರಿಯಿಡೀ ನಿಧಾನವಾಗಿ ಬಿದ್ದ 15 ಸೆಂಟಿಮೀಟರ್‌ಗಿಂತ, ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಬೀಳುವ 8 ಸೆಂಟಿಮೀಟರ್ ಜಾಸ್ತಿ ತೊಂದರೆ ಕೊಡುತ್ತದೆ. ಎಲ್ಲರೂ ರಸ್ತೆಯಲ್ಲಿರುವ ಹೊತ್ತು ಅದು. ‘ಫ್ರೀಜಿಂಗ್ ರೇನ್’ ಅಂತ ಬಂದಿದ್ದರೆ ಇನ್ನೂ ಕೆಟ್ಟದ್ದು. ಅದು ಬಿದ್ದ ತಕ್ಷಣ ಗಾಜಿನಂತೆ ಗಟ್ಟಿಯಾಗುವ ಮಳೆ. ಅದರ ಮೇಲೆ ಯಾವ ಬೂಟೂ ನಿಲ್ಲೋದಿಲ್ಲ.

2022ರ ಜನವರಿ 17ರಂದು, ನಮ್ಮ ಸಂಕ್ರಾಂತಿ ಮುಗಿದ ಎರಡು ಮೂರು ದಿನಕ್ಕೆ, ಟೊರೊಂಟೊದ ಕೆಲವು ಕಡೆ ಅರ್ಧ ಮೀಟರ್‌ಗಿಂತ ಜಾಸ್ತಿ ಸ್ನೋ ಬಿತ್ತು. ಗಾರ್ಡಿನರ್ ಎಕ್ಸ್‌ಪ್ರೆಸ್‌ವೇ, ಡಾನ್ ವ್ಯಾಲಿ ಪಾರ್ಕ್‌ವೇ ಅನ್ನೋ ಎರಡೂ ದೊಡ್ಡ ರಸ್ತೆಗಳನ್ನ ಮುಚ್ಚಿದರು. ಟಿಟಿಸಿ ಅಂದರೆ ಊರಿನ ಸಾರಿಗೆ ಸಂಸ್ಥೆ, ಅದರ ನೂರಾರು ಬಸ್‌ಗಳು ರಸ್ತೆಯಲ್ಲೇ ಸಿಕ್ಕಿಬಿದ್ದವು. ಇಂಥ ದಿನ ಊರಿನ ವ್ಯವಸ್ಥೆಯೇ ಸೋತಿರುವಾಗ, ನೀವು ಕೆಲಸಕ್ಕೆ ಹೋಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳೋಕೆ ಕಾರಣವೇ ಇಲ್ಲ.

ಕೆಲಸದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸಬರಿಗೆ ಹೆಚ್ಚು ಭಯ ಇರೋದು ಅಲ್ಲೇ. ಆಫೀಸ್ ಕೆಲಸ ಇದ್ದರೆ ಸುಲಭ. ಹಿಂದಿನ ಸಂಜೆಯೇ ಮ್ಯಾನೇಜರ್‌ಗೆ ಎರಡು ಸಾಲು ಬರೆಯಿರಿ: ನಾಳೆ ಎಚ್ಚರಿಕೆ ಇದೆ, ಮನೆಯಿಂದ ಕೆಲಸ ಮಾಡುತ್ತೇನೆ. ಲ್ಯಾಪ್‌ಟಾಪ್, ಚಾರ್ಜರ್ ಮನೆಗೆ ತನ್ನಿ. ಇಲ್ಲಿ ಯಾರೂ ತಪ್ಪು ತಿಳಿಯೋದಿಲ್ಲ, ಎಷ್ಟೋ ಸಲ ಮ್ಯಾನೇಜರೇ ಮೊದಲು ಬರೆದಿರುತ್ತಾರೆ.

ಟೊರೊಂಟೊ ಪಕ್ಕದ ಬ್ರಾಂಪ್ಟನ್, ಮಿಸ್ಸಿಸಾಗಾದ ವೇರ್‌ಹೌಸ್‌ಗಳಲ್ಲಿ, ಅಂಗಡಿಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವ ವಿದ್ಯಾರ್ಥಿಗಳ ಪರಿಸ್ಥಿತಿ ಬೇರೆ. ಹೋಗದಿದ್ದರೆ ಆ ದಿನದ ದುಡ್ಡಿಲ್ಲ. ಅದಕ್ಕೇ ನಮ್ಮ ಮಕ್ಕಳು ಮೊಣಕಾಲುದ್ದದ ಸ್ನೋದಲ್ಲೂ ಹೊರಡುತ್ತಾರೆ. ಟೊರೊಂಟೊ ಇರುವ ಒಂಟಾರಿಯೋ ಪ್ರಾಂತ್ಯದ ಕಾನೂನಿನಲ್ಲಿ ‘ಮೂರು ಗಂಟೆ ನಿಯಮ’ ಅಂತ ಒಂದಿದೆ. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಕೆಲಸ ಮಾಡುವವರನ್ನ, ಅವರು ಬಂದ ಮೇಲೆ ಬೇಗ ವಾಪಸ್ ಕಳಿಸಿದರೆ ಮೂರು ಗಂಟೆಯ ಕೂಲಿ ಕೊಡಬೇಕು. ಆದರೆ ಬಿರುಗಾಳಿ, ಕರೆಂಟ್ ಹೋಗೋದು ಇಂಥ ಮಾಲೀಕರ ಕೈ ಮೀರಿದ ಕಾರಣಕ್ಕೆ ಕೆಲಸ ನಿಂತರೆ ಆ ನಿಯಮ ಅನ್ವಯ ಆಗೋದಿಲ್ಲ. ಅಂದರೆ ಎರಡು ಬಸ್ ಬದಲಿಸಿ, ಒದ್ದೆಯಾಗಿ, ಅಲ್ಲಿ ಮುಟ್ಟಿದ ಮೇಲೆ ‘ಇವತ್ತು ಶಿಫ್ಟ್ ಇಲ್ಲ’ ಅಂದರೆ ದುಡ್ಡೂ ಇಲ್ಲ, ಮನೆಗೆ ಬರೋಕೆ ಬಸ್ಸೂ ಇಲ್ಲ. ಆದ್ದರಿಂದ ಹೊರಡುವ ಮೊದಲು ಸೂಪರ್‌ವೈಸರ್‌ಗೆ ಮೆಸೇಜ್ ಮಾಡಿ, ಶಿಫ್ಟ್ ಇದೆ ಅಂತ ಬರವಣಿಗೆಯಲ್ಲಿ ಉತ್ತರ ಬಂದ ಮೇಲೆ ಮಾತ್ರ ಬೂಟು ಹಾಕಿ. ಬರೋಕೆ ಆಗದಿದ್ದರೂ ಮೆಸೇಜ್ ಮಾಡಿ. ಹೇಳದೆ ತಪ್ಪಿಸಿಕೊಂಡರೆ ಮಾತ್ರ ಹೆಸರು ಕೆಡುತ್ತದೆ. ಚಳಿಗಾಲದಲ್ಲಿ ತಿಂಗಳಿಗೆ ಒಂದೆರಡು ಶಿಫ್ಟ್ ಹೋಗಬಹುದು ಅಂತ ಮೊದಲೇ ಲೆಕ್ಕ ಹಾಕಿ ಬಾಡಿಗೆ ದುಡ್ಡು ತೆಗೆದಿಡಿ. ಈ ಲೆಕ್ಕ ಸರಿ ಇದ್ದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಮಕ್ಕಳಿದ್ದವರಿಗೆ ಇನ್ನೊಂದು ವಿಷಯ. ಸ್ಕೂಲ್ ಬಸ್ ರದ್ದಾಗಿದೆ ಅಂದರೆ ಶಾಲೆಗೆ ರಜೆ ಅಂತ ಅರ್ಥ ಅಲ್ಲ. ಎಷ್ಟೋ ಸಲ ಬಸ್ ಇರೋದಿಲ್ಲ, ಶಾಲೆ ತೆರೆದೇ ಇರುತ್ತದೆ. ಬೆಳಿಗ್ಗೆ ಸ್ಕೂಲ್ ಬೋರ್ಡ್‌ನ ವೆಬ್‌ಸೈಟ್ ನೋಡಿ. ಮಗುವನ್ನ ಮನೆಯಲ್ಲೇ ಇಟ್ಟುಕೊಂಡರೂ ತಪ್ಪಿಲ್ಲ, ಶಾಲೆಗೆ ತಿಳಿಸಿದರೆ ಸಾಕು.

ಬಟ್ಟೆ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಬೆಳಗಾವಿಯಲ್ಲಿ ಥರ್ಮಲ್, ಉಣ್ಣೆಯ ಕಾಲುಚೀಲ ಕೊಂಡು ತನ್ನಿ. ದೊಡ್ಡ ಜಾಕೆಟ್, ಬೂಟು ಇಲ್ಲಿಗೆ ಬಂದ ಮೇಲೆ ಕೊಳ್ಳಿ, ನಮ್ಮಲ್ಲಿ ಸಿಗುವವು ಈ ಚಳಿಗೆ ಸಾಲೋದಿಲ್ಲ. ಬೂಟು ಅರ್ಧ ಸೈಜ್ ದೊಡ್ಡದಿರಲಿ, ದಪ್ಪ ಕಾಲುಚೀಲ ಹಾಕಿದರೂ ಬೆರಳು ಆಡಬೇಕು. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ, ಬೆವರಿನಿಂದ ಒದ್ದೆಯಾದರೆ ಅದೇ ಚಳಿ ಹಿಡಿಸುತ್ತದೆ. ಆಪ್‌ನಲ್ಲಿ ‘ವಿಂಡ್ ಚಿಲ್’ ಅಂಕಿ ನೋಡಿ, ಗಾಳಿ ಸೇರಿ ಮೈಗೆ ಎಷ್ಟು ಚಳಿ ಅನ್ನಿಸುತ್ತದೆ ಅನ್ನೋ ಲೆಕ್ಕ ಅದು. ಅದು ಮೈನಸ್ 28ಕ್ಕಿಂತ ಕೆಳಗಿಳಿದರೆ ಮುಚ್ಚಿಕೊಳ್ಳದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಕಿವಿ, ಮೂಗು, ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿದರೆ ಉಜ್ಜಬೇಡಿ, ಹೀಟರ್ ಮುಂದೆ ಹಿಡಿಯಲೂ ಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಜೋಮು ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಕಾರು ಕೊಂಡವರಿಗೆ ಮೊದಲ ಖರ್ಚು ವಿಂಟರ್ ಟೈರ್. ಪಕ್ಕದ ಪ್ರಾಂತ್ಯ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಕಡ್ಡಾಯ. ಒಂಟಾರಿಯೋದಲ್ಲಿ ಕಡ್ಡಾಯ ಇಲ್ಲ. ಹಾಗಂತ ಬಿಡಬೇಡಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಟೈರಿನ ಮೇಲೆ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರಬೇಕು. 2016ರಿಂದ ಒಂಟಾರಿಯೋದ ಇನ್ಶೂರೆನ್ಸ್ ಕಂಪನಿಗಳು ಇದಕ್ಕೆ ರಿಯಾಯಿತಿ ಕೊಡಲೇಬೇಕು, ಕೇಳಿ ತೆಗೆದುಕೊಳ್ಳಿ. ನೀಲಿ ದೀಪ ಮಿನುಗಿಸುತ್ತಾ ಹೋಗುವ ಪ್ಲೋ ಗಾಡಿ (ರಸ್ತೆಯ ಸ್ನೋ ತಳ್ಳುವ ಗಾಡಿ) ಮುಂದಿದ್ದರೆ ದೂರವಿಟ್ಟು ಹಿಂದೆಯೇ ಹೋಗಿ, ಓವರ್‌ಟೇಕ್ ಮಾಡಬೇಡಿ. ಅದರ ಮುಂದಿನ ರಸ್ತೆಯಲ್ಲಿ ಸ್ನೋ ಹಾಗೇ ಇರುತ್ತದೆ. ಹೊರಡುವ ಮೊದಲು ಸರ್ಕಾರದ ರಸ್ತೆ ಮಾಹಿತಿ ಸೈಟ್ ‘ಒಂಟಾರಿಯೋ 511’ರಲ್ಲಿ ರಸ್ತೆಯ ಸ್ಥಿತಿ ನೋಡಿ. ಎಲ್ಲಾದರೂ ಸಿಕ್ಕಿಬಿದ್ದು ಎಂಜಿನ್ ಚಾಲೂ ಇಟ್ಟು ಕೂತರೆ, ಮೊದಲು ಇಳಿದು ಸೈಲೆನ್ಸರ್ ಪೈಪಿನ ಸುತ್ತಲಿನ ಸ್ನೋ ತೆಗೆಯಿರಿ. ಪೈಪು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಪ್ರಾಣ ಹೋಗುತ್ತದೆ.

ಇದೇ ಅಪಾಯ ಮನೆಗೂ ಇದೆ. ಮನೆ ಬಿಸಿ ಮಾಡುವ ಫರ್ನೇಸ್‌ನ ಹೊಗೆ ಪೈಪು ಎಷ್ಟೋ ಮನೆಗಳಲ್ಲಿ ಪಕ್ಕದ ಗೋಡೆಯಿಂದ, ನೆಲದಿಂದ ಬಹಳ ಎತ್ತರವಿಲ್ಲದ ಕಡೆ ಹೊರಬರುತ್ತದೆ. ಗಾಳಿ ಸ್ನೋವನ್ನ ಒಟ್ಟಿ ಅದನ್ನ ಮುಚ್ಚಿಬಿಡಬಹುದು. ಬೇಸ್‌ಮೆಂಟ್ ಬಾಡಿಗೆಗೆ ಹಿಡಿಯುವ ದಿನವೇ ಆ ಪೈಪು ಎಲ್ಲಿದೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ, ಹೊರಬಾಗಿಲಿನ ಮೆಟ್ಟಿಲ ಸ್ನೋ ಯಾರು ತೆಗೆಯುತ್ತಾರೆ ಅಂತ ಕೇಳಿ. ಬೇಸ್‌ಮೆಂಟ್ ಮೆಟ್ಟಿಲು ಗುಂಡಿಯಲ್ಲಿರುತ್ತದೆ, ಸ್ನೋ ಅಲ್ಲೇ ತುಂಬುತ್ತದೆ. ಒಳಗಿನಿಂದ ಬಾಗಿಲು ತಳ್ಳಿದರೆ ಅಲುಗೋದೂ ಇಲ್ಲ. ಒಂದು ಸಲಿಕೆ ಮನೆಯೊಳಗೇ ಇಟ್ಟುಕೊಳ್ಳಿ. ಕರೆಂಟ್ ಹೋದರೆ ಇದ್ದಲಿನ ಶೇಗಡಿಯನ್ನೋ, ಹೊರಗಿನ ಬಾರ್ಬೆಕ್ಯೂ ಒಲೆಯನ್ನೋ ಮನೆಯೊಳಗೆ ತಂದು ಹಚ್ಚಬೇಡಿ. ಊರಲ್ಲಿ ಚಳಿಗೆ ಶೇಗಡಿ ಇಟ್ಟುಕೊಂಡು ಕೂರುವ ರೂಢಿ ಇದ್ದರೂ, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ ಇಲ್ಲಿನ ಮನೆಯಲ್ಲಿ ಅದು ಜೀವಕ್ಕೇ ಕುತ್ತು.

ಡ್ರೈವ್‌ವೇ (ಮನೆ ಮುಂದೆ ಕಾರು ನಿಲ್ಲಿಸುವ ಜಾಗ) ಸ್ನೋ ತೆಗೆಯೋದು ಒಂದೇ ಸಲಕ್ಕೆ ಮುಗಿಯುವ ಕೆಲಸ ಅಂದುಕೊಳ್ಳಬೇಡಿ. ನೀವು ಎಲ್ಲ ಸ್ವಚ್ಛ ಮಾಡಿ ಒಳಗೆ ಹೋಗಿ ಚಹಾಕ್ಕೆ ಇಡುತ್ತೀರಿ. ಅಷ್ಟರಲ್ಲಿ ಪ್ಲೋ ಬಂದು ರಸ್ತೆಯ ಸ್ನೋವನ್ನೆಲ್ಲ ನಿಮ್ಮ ಡ್ರೈವ್‌ವೇ ಬಾಯಿಗೆ ಒಡ್ಡಿನಂತೆ ಹಾಕಿ ಹೋಗುತ್ತದೆ. ಉಪ್ಪು, ಕೊಚ್ಚೆ ನೀರು, ಐಸ್ ತುಂಡು ಸೇರಿದ ಬೂದು ಬಣ್ಣದ ಆ ರಾಶಿ ಹೊಸ ಸ್ನೋಗಿಂತ ತುಂಬಾ ಭಾರ. ರಾತ್ರಿ ಬಿಟ್ಟರೆ ಕಲ್ಲಾಗುತ್ತದೆ, ಅವತ್ತೇ ತೆಗೆಯಿರಿ. ಆದಷ್ಟು ಎತ್ತಬೇಡಿ, ತಳ್ಳಿ. ಎತ್ತುವಾಗ ಅರ್ಧ ಸಲಿಕೆಯಷ್ಟೇ ತುಂಬಿಸಿ. ಸಾಲ್ಟ್ ಹಾಕೋದು ಸ್ನೋ ತೆಗೆದ ಮೇಲೆ. ಮೈನಸ್ ಹತ್ತರ ಕೆಳಗೆ ಮಾಮೂಲಿ ಕಲ್ಲುಪ್ಪು ಅಷ್ಟಾಗಿ ಕೆಲಸ ಮಾಡೋದಿಲ್ಲ, ಆಗ ಜಾರದಂತೆ ಮರಳು ಚೆಲ್ಲಿ.

ಊರಿನಿಂದ ಅಪ್ಪ ಅಮ್ಮ ಬಂದಿದ್ದಾಗ ಇದರಲ್ಲಿ ಗಟ್ಟಿಯಾಗಿರಿ. ಮುಧೋಳದಲ್ಲೋ ಸಿಂದಗಿಯಲ್ಲೋ ಜೀವನವಿಡೀ ಹೊಲದಲ್ಲಿ ದುಡಿದ ಅಪ್ಪ ಸುಮ್ನೆ ಕೂರೋದಿಲ್ಲ. ‘ನಾ ತಗೀತೀನಿ ಬಿಡೋ, ಏನ್ ಮಹಾ ಕೆಲಸ’ ಅಂತ ಸಲಿಕೆ ಹಿಡಿಯುತ್ತಾರೆ. ಕೊಡಬೇಡಿ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಅದರ ಮೇಲೆ ದಿಢೀರ್ ಭಾರ ಎತ್ತಿದರೆ ಹೃದಯಕ್ಕೆ ವಿಪರೀತ ಒತ್ತಡ ಬೀಳುತ್ತದೆ. ಸ್ನೋ ತೆಗೆಯುವಾಗ ಹಾರ್ಟ್ ಅಟ್ಯಾಕ್ ಆಗೋದು ಇಲ್ಲಿ ಪ್ರತಿ ಚಳಿಗಾಲದ ಸುದ್ದಿ. ಬಿಪಿ, ಶುಗರ್ ಇರುವವರಂತೂ ಸಲಿಕೆ ಮುಟ್ಟಲೇಬಾರದು. ಅಪ್ಪನಿಗೆ ಬೇಜಾರಾದರೂ ಪರವಾಗಿಲ್ಲ.

ಊಟದ ವಿಷಯದಲ್ಲಿ ನಮ್ಮ ಕಡೆಯವರು ನಿಶ್ಚಿಂತೆಯಿಂದ ಇರಬಹುದು. ಎಚ್ಚರಿಕೆ ಬಂದ ಸಂಜೆ ಇಲ್ಲಿನ ಅಂಗಡಿಗಳಲ್ಲಿ ಬ್ರೆಡ್ಡು, ಹಾಲಿಗೆ ಜನ ಮುಗಿಬೀಳುತ್ತಾರೆ. ಒಂದು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಒಲೆ ಹಚ್ಚದೆ ಎರಡು ದಿನ ಕಳೆಯಬಹುದು. ಅಮೀನಗಡದ ಕರದಂಟು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಪೊಟ್ಟಣ ಇರಲಿ, ಜೊತೆಗೆ ಒಂದು ಕಂಬಳಿ. ಫೋನು, ಪವರ್ ಬ್ಯಾಂಕ್ ರಾತ್ರಿಯೇ ಚಾರ್ಜ್ ಮಾಡಿ. ಹತ್ತಿರದಲ್ಲಿರುವ ಕನ್ನಡದವರ ಒಂದೆರಡು ನಂಬರ್ ಬರೆದಿಟ್ಟುಕೊಳ್ಳಿ, ಒಬ್ಬರೇ ಇದ್ದರೆ ಬೆಳಿಗ್ಗೆ ಒಂದು, ಸಂಜೆ ಒಂದು ಫೋನ್ ಮಾಡಿ. ಸಂಕೋಚ ಬೇಡ, ನಾವೆಲ್ಲ ಹೀಗೇ ಒಬ್ಬರ ಬೆನ್ನಿಗೊಬ್ಬರು ನಿಂತು ಇಲ್ಲಿ ಬೇರೂರಿದವರು.

ಇನ್ನು ಊರಿಗೆ ಹೋಗುವ ಟಿಕೆಟ್. ಜನವರಿ, ಫೆಬ್ರವರಿಯಲ್ಲಿ ಹೊರಡುವುದಾದರೆ ಬೆಂಗಳೂರು ಅಥವಾ ಮುಂಬೈ ತನಕ ಒಂದೇ ಬುಕಿಂಗ್‌ನಲ್ಲಿ ಟಿಕೆಟ್ ಮಾಡಿಸಿ. ಅಗ್ಗ ಅಂತ ತುಂಡು ತುಂಡಾಗಿ ಕೊಂಡರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆ ಹೊರೋದಿಲ್ಲ. ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಸ್ನೋ ದಿನ ವಿಮಾನ ಗೇಟು ಬಿಟ್ಟ ಮೇಲೂ ಹಾರೋಕೆ ಬಹಳ ಹೊತ್ತು ಹಿಡಿಯಬಹುದು. ರೆಕ್ಕೆಗಳ ಮೇಲಿನ ಐಸ್ ಕರಗಿಸೋಕೆ ಕಿತ್ತಳೆ ಬಣ್ಣದ ಬಿಸಿ ದ್ರವ, ಆಮೇಲೆ ಮತ್ತೆ ಕಟ್ಟದಂತೆ ಹಸಿರು ದ್ರವ ಸಿಂಪಡಿಸುತ್ತಾರೆ. ಕಿಟಕಿಯ ಮೇಲೆ ಬಣ್ಣದ ನೀರು ಇಳಿದರೆ ಹೆದರಬೇಡಿ. ಸ್ನೋದಿಂದ ವಿಮಾನ ರದ್ದಾದರೆ ಹೋಟೆಲ್, ಊಟ ಕೊಡಬೇಕು ಅಂತ ನಿಯಮ ಇಲ್ಲ. ಆದರೆ ಕೆನಡಾದ ನಿಯಮದ ಪ್ರಕಾರ 48 ಗಂಟೆಯೊಳಗೆ ಹೊರಡುವ ಬೇರೆ ವಿಮಾನದಲ್ಲಿ ಸೀಟು ಕೊಡಬೇಕು. ಅದು ಆಗದಿದ್ದರೆ ದುಡ್ಡು ವಾಪಸ್ ಕೇಳುವ ಹಕ್ಕು ನಿಮಗಿದೆ. ಕ್ರೆಡಿಟ್ ವೋಚರ್ ಕೊಡುತ್ತೇವೆ ಅಂದರೆ ಒಪ್ಪಲೇಬೇಕು ಅಂತಿಲ್ಲ. ಬೆಂಗಳೂರಿನಲ್ಲಿ ಇಳಿದ ದಿನವೇ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೋ ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೋ ಟಿಕೆಟ್ ಮಾಡಿಸಬೇಡಿ, ನಡುವೆ ಒಂದು ದಿನ ಬಿಡಿ. ಮದುವೆಗೆ ಹೋಗುವವರು ಎರಡು ದಿನ ಬಿಡಿ.