ದುಬಾರಿ ಸ್ಪೀಕರ್ ಕೇಬಲ್ ಕೊಳ್ಳುವ ಮುಂಚೆ ಟೇಪು, ಬ್ಲೇಡು ತೆಗೆದುಕೊಳ್ಳಿ

ಹೊಸ ಆಂಪ್ಲಿಫೈಯರ್ ತಂದ ದಿನವೇ ಅದರಿಂದ ಸ್ಪೀಕರ್‌ಗೆ ಎಳೆಯಲು ಹೆಬ್ಬೆರಳಷ್ಟು ದಪ್ಪದ ಕೇಬಲನ್ನೂ ತಂದಿದ್ದೆ. ತುದಿಗೆ ಪ್ಲಗ್ ಹಾಕೋಣ ಅಂತ ಸಿಪ್ಪೆ ಸುಲಿದರೆ, ದಪ್ಪವೆಲ್ಲ ಪ್ಲಾಸ್ಟಿಕ್‌ನದು. ಒಳಗಿನ ಎಳೆಯನ್ನು ಬ್ಲೇಡಿನಲ್ಲಿ ಕೆರೆದೆ. ಕೆಂಪು ಹೋಗಿ ಬೆಳ್ಳಗೆ ಹೊಳೆಯಿತು. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ! ಅಂಗಡಿಯವರು ಅಪ್ಪಟ ತಾಮ್ರ ಅಂತಲೇ ಕೊಟ್ಟಿದ್ದರು. ತುಂಬ ಬೇಜಾರಾಯಿತು. ಅವತ್ತಿನಿಂದ ನಾನು ನೋಡುವುದು ಲೋಹ, ದಪ್ಪ, ತುದಿಯ ಬಿಗಿ. ಬ್ರ್ಯಾಂಡು ಆಮೇಲೆ.

ಮೊದಲು ಟೇಪು ಹಿಡಿದು ಅಳೆಯಿರಿ. ನಮ್ಮ ಹಾಲ್‌ನಲ್ಲಿ ಬಲಗಡೆಯ ಸ್ಪೀಕರ್ ಆಂಪ್ಲಿಫೈಯರ್‌ನಿಂದ ಎರಡು ಮೀಟರ್ ದೂರದಲ್ಲಿದೆ ಅನ್ನಿಸುತ್ತದೆ. ಆದರೆ ಗೋಡೆ ಪಕ್ಕದಲ್ಲೇ, ಬಾಗಿಲಿನ ಚೌಕಟ್ಟು ಸುತ್ತಿ ಎಳೆದರೆ ಐದು ಮೀಟರ್. ಕರೆಂಟು ಹೋಗಿ ವಾಪಸ್ ಬರಬೇಕಲ್ವಾ? ಹಾಗಾಗಿ ಲೆಕ್ಕಕ್ಕೆ ಹತ್ತು ಮೀಟರ್ ವೈರು.

ಆಮೇಲೆ ಸ್ಪೀಕರ್ ಬೆನ್ನಿನ ಮೇಲೆ ಎಷ್ಟು ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಅಂತ ಬರೆದಿದೆ ನೋಡಿ. ಕೇಬಲ್‌ನ ರೆಸಿಸ್ಟೆನ್ಸ್, ಅಂದರೆ ತಡೆ, ಅದರ ಶೇ 5 ದಾಟಬಾರದು ಅನ್ನುವುದು ಬಹಳ ಜನ ಪಾಲಿಸುವ ಲೆಕ್ಕ. ನಾನು ಶೇ 2ಕ್ಕೇ ನಿಲ್ಲಿಸುತ್ತೇನೆ. 0.75 ಸ್ಕ್ವೇರ್ ಎಂಎಂ ತಾಮ್ರದ ವೈರು ಹತ್ತು ಮೀಟರ್‌ಗೆ ಸುಮಾರು 0.26 ಓಮ್ ಆಗುತ್ತದೆ. 4 ಓಮ್ ಸ್ಪೀಕರ್‌ಗೆ ಅದು ಜಾಸ್ತಿ. 2.5 ಸ್ಕ್ವೇರ್ ಎಂಎಂ ಹಾಕಿದರೆ 0.08 ಓಮ್, ಅಲ್ಲಿಗೆ ಸರಿಹೋಯಿತು. 8 ಓಮ್ ಸ್ಪೀಕರ್ ಮೂರು ಮೀಟರ್ ಒಳಗೇ ಇದ್ದರೆ 1.5 ಸಾಕು. ಸ್ಪೀಕರ್‌ನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ, ಏರಿಳಿಯುತ್ತದೆ. ವೈರು ತೀರಾ ಸಣ್ಣದಾದರೆ, ಓಮ್ ಇಳಿದ ಸ್ವರಗಳಲ್ಲಿ ಸದ್ದು ಬೇರೆಯವಕ್ಕಿಂತ ಕುಗ್ಗುತ್ತದೆ.

ಕೇಬಲ್ ಮೇಲೆ ಸಿಸಿಎ ಅಂತ ಇದ್ದರೆ ಅದೇ ತಾಮ್ರ ಲೇಪದ ಅಲ್ಯೂಮಿನಿಯಂ, ಬಿಟ್ಟುಬಿಡಿ. ಓಎಫ್‌ಸಿ (ಆಕ್ಸಿಜನ್ ಇಲ್ಲದ ಶುದ್ಧ ತಾಮ್ರ) ಅಂತ ಇದ್ದರೂ ತುಂಡು ಕೇಳಿ ಕೆರೆದು ನೋಡಿ. ಅಪ್ಪಟ ತಾಮ್ರ ಒಳಗೂ ಕೆಂಪಗೇ ಇರುತ್ತದೆ, ಕೈಗೆ ಭಾರ ಸಿಗುತ್ತದೆ. ಬೆಳ್ಳಿಯ ಕೇಬಲ್‌ಗೆ ದುಡ್ಡು ಸುರಿಯಬೇಡಿ. ಬೆಳ್ಳಿ ತಾಮ್ರಕ್ಕಿಂತ ಶೇ 6ರಷ್ಟು ಮಾತ್ರ ಚೆನ್ನಾಗಿ ಕರೆಂಟು ಹರಿಸುತ್ತದೆ. ಒಂದು ಸೈಜು ದಪ್ಪ ತಾಮ್ರ ತಂದರೆ ಅದಕ್ಕಿಂತ ಎಷ್ಟೋ ಜಾಸ್ತಿ ಲಾಭ. ಈ ದಿಕ್ಕಿಗೇ ಹಾಕಿ ಅಂತ ಕೇಬಲ್ ಮೇಲೆ ಬರೆದ ಬಾಣದ ಗುರುತನ್ನೂ ನಂಬಿ ದುಡ್ಡು ಕೊಡಬೇಡಿ. ಸಂಗೀತದ ಸಿಗ್ನಲ್ ಎರಡೂ ದಿಕ್ಕಿಗೆ ಹರಿಯುತ್ತದೆ.

ಒಳ್ಳೆಯದೇ ಬೇಕು ಅಂದರೆ ಬೆಲ್ಡನ್, ಕ್ಯಾನರೆ ಕಂಪನಿಯವನ್ನು ನೋಡಿ. ಸ್ಟುಡಿಯೋಗಳಿಗೂ ಕೇಬಲ್ ಮಾಡುವವರು. ನನ್ನ ಮನೆಯಲ್ಲಿರುವುದು ಕ್ಯಾನರೆ 4ಎಸ್11. ಒಳಗೆ ನಾಲ್ಕು ವೈರು, ಎರಡೆರಡು ಸೇರಿಸಿ ಹೊಸೆದು ಹಾಕಬೇಕು. ಒಂದು ಎಚ್ಚರ: ಕೆಲವು ಆಂಪ್‌ಗಳಿಗೆ ಕೇಬಲ್ ಬಗ್ಗೆ ತಮ್ಮದೇ ಷರತ್ತು ಇರುತ್ತದೆ. ನೇಮ್ (Naim) ಅನ್ನುವ ಆಂಪ್ ಕಂಪನಿ ತನ್ನ ಆಂಪ್‌ಗಳಿಗೆ ಕನಿಷ್ಠ 3.5 ಮೀಟರ್ ಕೇಬಲ್ ಹಾಕಿ ಅನ್ನುತ್ತಿತ್ತು. ಮ್ಯಾನ್ಯುಯಲ್ ಓದಿ.

ತುದಿಯ ಕೆಲಸಕ್ಕೆ ಅವಸರ ಬೇಡ. ಹನ್ನೆರಡು ಮಿಲಿಮೀಟರ್ ಸುಲಿದು, ಬಿಗಿಯಾಗಿ ಹೊಸೆದು, ಟರ್ಮಿನಲ್‌ಗೆ ಸಿಕ್ಕಿಸುವ ಬನಾನಾ ಪ್ಲಗ್‌ನ ಸ್ಕ್ರೂ ತಿರುಗಿಸಿ. ಒಂದು ಎಳೆಯೂ ಆಚೆ ಇಣುಕಬಾರದು. ಅದು ಪಕ್ಕದ ಟರ್ಮಿನಲ್‌ಗೆ ತಾಗಿದರೆ ಆಂಪ್ ಸುಟ್ಟೇ ಹೋಗಬಹುದು. ಮಂಗಳೂರು, ಉಡುಪಿ ಕಡೆಯವರು ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ತಪ್ಪದೆ ಹಾಕಿ. ಕಡಲ ಗಾಳಿಗೆ ಬರಿ ತಾಮ್ರ ಬೇಗ ಹಸಿರುಗಟ್ಟುತ್ತದೆ.

ಗೆಳೆಯನ ಮನೆಯಲ್ಲಿ ಒಂದು ಸ್ಪೀಕರ್‌ಗೆ ಕೆಂಪು ಕಪ್ಪು ತುದಿ ಅದಲುಬದಲಾಗಿತ್ತು. ಪಿಟೀಲು ಕೇಳುತ್ತಿತ್ತು, ಮೃದಂಗದ ಎಡಗಡೆಯ ಗುಂಕಿ, ಅಂದರೆ ದಪ್ಪ ನಾದ, ಮಾತ್ರ ಮಾಯ. ಅವನು ಸ್ಪೀಕರನ್ನೇ ಮಾರಲು ಹೊರಟಿದ್ದ! ನೀವು ಹೀಗೆ ಪರೀಕ್ಷೆ ಮಾಡಿ. ಕೇಬಲನ್ನು ಆಂಪ್‌ನಿಂದ ಬಿಚ್ಚಿ, 1.5 ವೋಲ್ಟಿನ ಪೆನ್ಸಿಲ್ ಸೆಲ್‌ನ ಪ್ಲಸ್‌ಗೆ ಕೆಂಪು, ಮೈನಸ್‌ಗೆ ಕಪ್ಪು ತುದಿಯನ್ನು ಕ್ಷಣ ಮಾತ್ರ ತಾಗಿಸಿ. ವೂಫರ್ (ಸ್ಪೀಕರ್‌ನ ದೊಡ್ಡ ಕೋನು) ಟಪ್ ಅಂತ ಜಿಗಿಯುತ್ತದೆ. ಎರಡೂ ಸ್ಪೀಕರ್‌ನಲ್ಲಿ ಅದು ಒಂದೇ ದಿಕ್ಕಿಗೆ ಜಿಗಿದರೆ ಆಂಪ್‌ಗೆ ಸಿಕ್ಕಿಸಿ, ಸ್ವಿಚ್ ಹಾಕಿ.