ಟರ್ಬೈನ್ ಹಾಲ್‌ನಲ್ಲಿ ಅಂಬೆಗಾಲು

ಮಗಳಿಗೆ ಎಂಟು ತಿಂಗಳು ತುಂಬಿದ ವಾರ ಅವಳನ್ನು ಎತ್ತಿಕೊಂಡು ಲಂಡನ್ನಿನ ಆಧುನಿಕ ಕಲೆಯ ಮ್ಯೂಸಿಯಂ ಟೇಟ್ ಮಾಡರ್ನ್‌ಗೆ ಹೋದೆವು. ಹತ್ತಕ್ಕೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗುವುದು, ಹತ್ತೂವರೆಗೆ ಅವಳು ತಳ್ಳುಗಾಡಿಯಲ್ಲಿ ಮಲಗುವುದು, ಆಮೇಲೆ ಒಂದು ಗಂಟೆ ನಾನು ಹಾಯಾಗಿ ಚಿತ್ರ ನೋಡುವುದು ಅಂತ ನನ್ನ ಲೆಕ್ಕ. ಅವಳು ಮಲಗಿದ್ದು ಹನ್ನೆರಡಕ್ಕೆ, ನಾವು ಹೊರಟು ನಿಂತಾಗ.

ಇದು ಮೊದಲು ತೈಲ ಸುಟ್ಟು ಕರೆಂಟು ತಯಾರಿಸುತ್ತಿದ್ದ ಸ್ಥಾವರ. 1981ರಲ್ಲಿ ಅದು ನಿಂತುಹೋಯಿತು. ಸ್ವಿಟ್ಜರ್‌ಲ್ಯಾಂಡಿನ ಹರ್ಜೋಗ್ ಮತ್ತು ಡಿ ಮ್ಯೂರಾನ್ ಎಂಬ ವಾಸ್ತುಶಿಲ್ಪಿಗಳ ಜೋಡಿ ಮಾರ್ಪಡಿಸಿದ ಮೇಲೆ 2000ದ ಮೇ ತಿಂಗಳಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಬಾಯ್ಲರ್‌ಗಳಿದ್ದ ಕಡೆ ಈಗ ಗ್ಯಾಲರಿಗಳಿವೆ. ಟರ್ಬೈನ್‌ಗಳಿದ್ದ ಹಾಲನ್ನು ಮಾತ್ರ ಬಯಲಿನ ಹಾಗೆ ಬಿಟ್ಟಿದ್ದಾರೆ: ಎತ್ತರ ಸುಮಾರು 35 ಮೀಟರ್, ಉದ್ದ 150 ಮೀಟರಿಗೂ ಹೆಚ್ಚು. ಯಂತ್ರಕ್ಕೆಂದು ಅಳತೆ ಮಾಡಿ ಕಟ್ಟಿದ ಜಾಗದಲ್ಲಿ ದೊಡ್ಡವರೇ ಇರುವೆಗಳ ಹಾಗೆ ಕಾಣುತ್ತಾರೆ. ಕೂಸಿನ ಪಾಡು ಕೇಳಬೇಕೇ!

ಪಶ್ಚಿಮದ ಬಾಗಿಲಿನಿಂದ ಬಂದರೆ ನೆಲ ಅಗಲವಾಗಿ ಇಳಿಯುತ್ತಾ ಹೋಗುತ್ತದೆ. ಮೆಟ್ಟಿಲಿಲ್ಲ, ಆದ್ದರಿಂದ ತಳ್ಳುಗಾಡಿಯವರಿಗೆ ಇದೇ ಸಲೀಸು. ಆದರೆ ಕಣ್ಣಿಗೆ ಕಾಣುವುದಕ್ಕಿಂತ ಇಳಿಜಾರು ಜಾಸ್ತಿ. ಚಾವಣಿ ನೋಡುತ್ತಾ ನಾನು ಹಿಡಿ ಸಡಿಲ ಬಿಟ್ಟೆ, ಗಾಡಿ ತನ್ನಷ್ಟಕ್ಕೆ ನಾಲ್ಕು ಹೆಜ್ಜೆ ಹೊರಟೇಬಿಟ್ಟಿತು. ಎದೆ ಧಸಕ್ಕೆಂದಿತು. ನಿಂತಲ್ಲೆಲ್ಲ ಬ್ರೇಕ್ ಹಾಕಿ, ಇಲ್ಲವೇ ಹಿಡಿಯ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ.

ಕೆಳಗೆ ತಲುಪಿದ ಮೇಲೆ ಅವಳು ಒಮ್ಮೆ "ಆ!" ಅಂದಳು. ಕಾಂಕ್ರೀಟು, ಇಟ್ಟಿಗೆ, ಉಕ್ಕು, ಯಾವುದೂ ಸದ್ದನ್ನು ನುಂಗುವುದಿಲ್ಲ. ಅವಳ ದನಿ ಅಷ್ಟು ದೂರ ಹೋಗಿ ಉದ್ದವಾಗಿ ವಾಪಸು ಬಂತು. ಅವಳು ಕತ್ತು ತಿರುಗಿಸಿ ಯಾರು ಅಂತ ಹುಡುಕಿದಳು. ಮತ್ತೆ "ಆ!" ಇಪ್ಪತ್ತು ನಿಮಿಷ ಇದೇ ಕೆಲಸ. ನನಗೆ ಮೊದಮೊದಲು ನಾಚಿಕೆ, ಸುತ್ತಲಿನವರನ್ನು ನೋಡಿ ಸುಮ್ಮನೆ ನಗುತ್ತಿದ್ದೆ. ಯಾರೂ "ಶ್" ಅನ್ನಲಿಲ್ಲ. ಆ ಹಾಲ್‌ನಲ್ಲಿ ಒಂದು ಮಗುವಿನ ಕಿರುಚಾಟ ಕೆರೆಗೆ ಬಿದ್ದ ಹನಿಯಂತೆ. ಬಿಳಿ ಗೋಡೆಯ ಸಣ್ಣ ಕೋಣೆಯಲ್ಲಿ ಅದೇ ಕಿರುಚಾಟಕ್ಕೆ ನಾನು ಬೆವರಿ ಹೊರಗೆ ಓಡಿಬರಬೇಕಾಯಿತು, ಅದು ಬೇರೆ ಮಾತು.

ಆಮೇಲೆ ನೆಲಕ್ಕೆ ಬಿಟ್ಟೆ. ಇಂಥ ಕಟ್ಟಡವನ್ನು ಬೆಚ್ಚಗಿಡುವುದು ಕಷ್ಟ, ಕಾಂಕ್ರೀಟು ತಣ್ಣಗಿರುತ್ತದೆ. ದಪ್ಪ ಪ್ಯಾಂಟು ಹಾಕಿದ್ದು ಒಳ್ಳೆಯದಾಯಿತು. ಹಾಸಲು ತಂದಿದ್ದ ಹೊದಿಕೆಯನ್ನು ಅವಳು ಅರೆ ನಿಮಿಷವೂ ಸಹಿಸಲಿಲ್ಲ, ಅದರಂಚು ದಾಟಿ ಅಂಬೆಗಾಲಿಕ್ಕಿದಳು. ನೆಲದಲ್ಲಿ ಉದ್ದಕ್ಕೂ ಒಂದು ಗೀರಿದೆ. ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ 2007ರಲ್ಲಿ ಹಾಲ್‌ನ ನೆಲವನ್ನೇ ಸೀಳಿ ಬಿರುಕು ಮಾಡಿದ್ದರು. ಪ್ರದರ್ಶನ ಮುಗಿದ ಮೇಲೆ ಅದನ್ನು ತುಂಬಿದರು, ಗುರುತು ಉಳಿಯಿತು. ನಾನು ಈ ಹಿಂದೆ ಎರಡು ಸಲ ಬಂದಿದ್ದೆ, ಎರಡು ಸಲವೂ ಅದರ ಮೇಲೆ ನಡೆದುಹೋಗಿದ್ದೆ. ಮಗಳು ಅಲ್ಲೇ ಕೂತು ತೋರುಬೆರಳಿಂದ ಆ ಗೀರನ್ನು ಕೆರೆಯತೊಡಗಿದಳು, ಬಳಿಕ ಅದೇ ಬೆರಳು ಬಾಯಿಗೆ. ಒದ್ದೆ ಬಟ್ಟೆ ಕೈಗೆಟುಕುವಲ್ಲೇ ಇರಲಿ, ಚೀಲದ ತಳದಲ್ಲಲ್ಲ.

ಮೇಲಿನ ಮಹಡಿಗಳಿಗೆ ತಳ್ಳುಗಾಡಿ ಇದ್ದರೆ ಎಸ್ಕಲೇಟರ್ ಆಗದು, ಲಿಫ್ಟೇ ಗತಿ. ನಾವು ಅವಳನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ಗೆ ಹಾಕಿದೆವು; ಗಾಡಿ ಬರೀ ಚೀಲ ಹೊರುವ ಕತ್ತೆಯಾಯಿತು. ಮುಖ ಹೊರಗೆ ಮಾಡಿ ಕಟ್ಟಿದರೆ ಕೈ ಚಾಚಿ ಎಲ್ಲವನ್ನೂ ಹಿಡಿಯಲು ಹೋಗುತ್ತಾಳೆ. ಕಲಾಕೃತಿಗಳ ಹತ್ತಿರ ಮುಖ ಒಳಗಿರುವಂತೆ ಕಟ್ಟುವುದೇ ಕ್ಷೇಮ. ಖಾಯಂ ಸಂಗ್ರಹಕ್ಕೆ ಟಿಕೆಟ್ಟಿಲ್ಲ, ಹಾಗಾಗಿ ಹದಿನೈದು ನಿಮಿಷಕ್ಕೇ ಎದ್ದು ಬಂದರೂ ದುಡ್ಡು ಹೋಯಿತೆಂಬ ಸಂಕಟವಿಲ್ಲ. ಮಗು ಇರುವವರಿಗೆ ಇದು ಸಣ್ಣ ಮಾತಲ್ಲ.

ಕೆಳಗೆ ಟ್ಯಾಂಕ್ಸ್ ಎಂಬ ದುಂಡನೆಯ ಕೋಣೆಗಳಿವೆ, ಒಂದು ಕಾಲದ ತೈಲದ ತೊಟ್ಟಿಗಳು. ಮಬ್ಬುಗತ್ತಲಲ್ಲಿ ನಿದ್ದೆ ಬಂದೀತೆಂದು ಒಯ್ದೆ. ಅಲ್ಲಿ ಅವಳ ಕಣ್ಣು ಇನ್ನೂ ಅಗಲವಾದವು.

ಕೊನೆಗೆ ಗಂಡ "ನೀನು ಹೋಗು, ನಾನು ನೋಡಿಕೊಳ್ತೀನಿ" ಅಂದ. ಇಪ್ಪತ್ತು ನಿಮಿಷ ಸಿಕ್ಕಿತು. ಒಂದೇ ಕೋಣೆ ನೋಡಿ ಇಳಿದು ಬಂದರೆ, ಅವನೂ ಅವಳೂ ಗೀರಿನ ಪಕ್ಕ ಅಂಗಾತ ಮಲಗಿ ಚಾವಣಿಗೆ "ಆ!" ಅನ್ನುತ್ತಿದ್ದರು.