ಬ್ಯಾಗ್ ಒರೆಸಿ ಸ್ಫೋಟಕ ಪತ್ತೆ ಮಾಡುವುದು ಹೇಗೆ?

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೆಲವರ ಬ್ಯಾಗನ್ನು ಪಕ್ಕಕ್ಕೆಳೆದು, ಸ್ವಾಬ್ ಪಟ್ಟಿಯಿಂದ ಒರೆಸಿ ಪುಟ್ಟ ಯಂತ್ರಕ್ಕೆ ತೂರಿಸುವುದನ್ನು ನೋಡಿರುತ್ತೀರಿ. ಎಕ್ಸ್‌-ರೇಗೆ ಬೇಕಾದದ್ದು ವಸ್ತುವಿನ ಆಕಾರ, ಸಾಂದ್ರತೆ. ಈ ಯಂತ್ರ ಹುಡುಕುವುದು ಕಣ್ಣಿಗೆ ಕಾಣದ ಕಣಗಳನ್ನು. ಸ್ಫೋಟಕವನ್ನೋ ಮಾದಕ ವಸ್ತುವನ್ನೋ ಮುಟ್ಟಿದ ಕೈಯಿಂದ ಅಂಟಿದ ನ್ಯಾನೊಗ್ರಾಂ ಲೆಕ್ಕದ ಪುಡಿಯಿದ್ದರೂ ಸಾಕು.

ಮೊದಲು ಒರೆಸುವ ಕೆಲಸ. ಕೈಗವಸು ಸ್ವಚ್ಛವಿರಬೇಕು, ಪಟ್ಟಿಯೂ ಅಷ್ಟೆ. ಹಿಡಿಕೆ, ಝಿಪ್ಪಿನ ತುದಿ, ಲ್ಯಾಪ್‌ಟಾಪ್‌ನ ಕೀಲಿಮಣೆ, ಹೀಗೆ ಕೈ ಹೆಚ್ಚು ತಾಗುವ ಕಡೆ ತುಸು ಒತ್ತಿ ಎಳೆಯಬೇಕು. ಇಡೀ ತಪಾಸಣೆಯ ಜೀವಾಳ ಇದೇ. ಕಾಟಾಚಾರಕ್ಕೆ ಸವರಿದರೆ ಎಂಥ ದುಬಾರಿ ಯಂತ್ರವೂ ಸುಮ್ಮನೆ ಹಸಿರು ದೀಪ ತೋರಿಸುತ್ತದೆ.

ಪಟ್ಟಿ ಒಳಗೆ ಹೋದೊಡನೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕಣಗಳು ಆವಿಯಾಗುತ್ತವೆ. ಆ ಆವಿಗೆ ವಿದ್ಯುದಂಶ ಕೊಟ್ಟು ಅಯಾನುಗಳಾಗಿಸಬೇಕು. ಕೆಲವು ಯಂತ್ರಗಳಲ್ಲಿ ಇದನ್ನು ಮಾಡುವುದು ನಿಕ್ಕಲ್‌-63 ಎಂಬ ವಿಕಿರಣ ಮೂಲ. ಅದಿಲ್ಲದ ಮಾದರಿಗಳೂ ಇವೆ. ಬಳಿಕ ಅಯಾನುಗಳು ಗಿಡ್ಡ ಕೊಳವೆಯೊಂದರಲ್ಲಿ ಎದುರುಗಾಳಿಗೆ ಓಡಬೇಕು. ಸಣ್ಣವು ಬೇಗ, ದಪ್ಪನೆಯವು ತಡವಾಗಿ ತಲುಪುತ್ತವೆ. ವ್ಯತ್ಯಾಸ ಮಿಲಿಸೆಕೆಂಡುಗಳಷ್ಟು. ಟಿಎನ್‌ಟಿ, ಆರ್‌ಡಿಎಕ್ಸ್‌ ಋಣ ಅಯಾನುಗಳಾಗಿ, ಕೊಕೇನ್, ಹೆರಾಯಿನ್ ಧನ ಅಯಾನುಗಳಾಗಿ ಸಿಗುತ್ತವೆ. ತಲುಪಿದ ಸಮಯವನ್ನು ಯಂತ್ರದ ಸ್ಮೃತಿಯಲ್ಲಿ ಮೊದಲೇ ದಾಖಲಾದ ಸಮಯಗಳೊಂದಿಗೆ ತಾಳೆ ಹಾಕಿ, ಹೊಂದಿದರೆ ಯಂತ್ರ ಬೀಪ್ ಎನ್ನುತ್ತದೆ.

ಒರೆಸದೆಯೇ ಪತ್ತೆ ಮಾಡುವ ದಾರಿಯೂ ಇದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸೇರಿದ ಪುಣೆಯ ಎಚ್‌ಇಎಂಆರ್‌ಎಲ್ ಪ್ರಯೋಗಾಲಯ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ, 2021ರಲ್ಲಿ ಅನಾವರಣಗೊಂಡ ‘ರೈಡರ್‌-ಎಕ್ಸ್‌’ 2 ಮೀಟರ್ ದೂರದಿಂದಲೇ ಸ್ಫೋಟಕ ಗುರುತಿಸುವಂಥದ್ದು. ದೂರದಿಂದ ಪತ್ತೆ ಎಂದವರನ್ನೆಲ್ಲ ನಂಬಬೇಡಿ ಮತ್ತೆ! ಇರಾಕಿಗೆ ‘ಎಡಿಇ 651’ ಎಂಬ ನಕಲಿ ಬಾಂಬ್ ಪತ್ತೆ ಸಾಧನ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ 10 ವರ್ಷ ಜೈಲಾಯಿತು. ಆ ಸಾಧನದ ಮೂಲ, ಗಾಲ್ಫ್ ಚೆಂಡು ಹುಡುಕಲೆಂದು ಮಾರುತ್ತಿದ್ದ ಆಂಟೆನಾ ಕಡ್ಡಿಯ ಆಟಿಕೆ.

ಬೀಪ್ ಬಂದರೆ ಗಾಬರಿ ಬೇಡ. ಹೃದ್ರೋಗಿಗಳ ನೈಟ್ರೊಗ್ಲಿಸರಿನ್ ಮಾತ್ರೆಯಲ್ಲಿರುವುದು ಸ್ಫೋಟಕವೇ. ರಸಗೊಬ್ಬರ ಮುಟ್ಟಿದ ಕೈ, ಕೆಲವು ಲೋಷನ್‌ಗಳೂ ಯಂತ್ರವನ್ನು ಎಚ್ಚರಿಸಬಹುದು. ಔಷಧಿ ಚೀಟಿ ತೋರಿಸಿ, ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿ. ಸಿಬ್ಬಂದಿ ಮತ್ತೆ ಒರೆಸುತ್ತಾರೆ, ಬ್ಯಾಗ್ ತೆರೆಸುತ್ತಾರೆ. ಮಾದಕ ವಸ್ತುವಿನ ಅನುಮಾನವಾದರೆ ಸಿಕ್ಕ ವಸ್ತು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಅತ್ತ ಯಂತ್ರದಲ್ಲಿ ಉಳಿದ ಆವಿ ಹೋಗುವವರೆಗೆ ಖಾಲಿ ಪಟ್ಟಿ ಹಾಕಿ ಓಡಿಸಬೇಕು. ಇಲ್ಲದಿದ್ದರೆ ಹಿಂದಿನವರ ಬೀಪ್ ಮುಂದಿನವರ ತಲೆಗೆ.